ಅವಳ ಹಿಡಿ ಅಕ್ಕಿ

ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಮೂಟೆಯ ಪಕ್ಕ ಒಂದು ತಗಡಿನ ಡಬ್ಬ ಇತ್ತು. ಯಾವುದೋ ಕಾಲದ ಬಿಸ್ಕತ್ತಿನ ಡಬ್ಬ. ಮುಚ್ಚಳದ ಮೇಲಿನ ಚಿತ್ರ ಅಳಿಸಿಹೋಗಿ ತುಕ್ಕು ಮಾತ್ರ ಉಳಿದಿತ್ತು. ನನ್ನ ಹೆಂಡತಿ ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ, ತೊಳೆಯುವ ಮೊದಲು, ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕುತ್ತಿದ್ದಳು. ಭಾನುವಾರ ಬಂತೆಂದರೆ ಅದನ್ನು ಬಟ್ಟೆಯ ಚೀಲಕ್ಕೆ ಸುರಿದುಕೊಂಡು ಅಜ್ಜಂಪುರದಿಂದ ತರೀಕೆರೆ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಊರಾಚೆ ಶೀಟು ಹೊದಿಸಿದ ಒಂದು ಪ್ರಾರ್ಥನೆ ಮನೆ ಇದೆ. ಯೇಸುವನ್ನು ನಂಬಿದ ಮನೆಗಳ ಹೆಂಗಸರು ಹೀಗೆ ವಾರವೆಲ್ಲ ಕೂಡಿಟ್ಟ ಹಿಡಿ ಅಕ್ಕಿ ತರುತ್ತಾರೆ. ಅದರಲ್ಲಿ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ, ಮಿಕ್ಕ ಅಕ್ಕಿ ದುಡಿಯುವವರಿಲ್ಲದ ಮನೆಗಳಿಗೆ ಹೋಗುತ್ತದೆ.

ಅವಳು ತೀರಿಕೊಂಡು ಎರಡು ವರ್ಷವಾಯಿತು. ಜ್ವರ ಬಂದು ಮಲಗಿದ್ದು ಒಂದು ಗುರುವಾರ. ಹಾಗಾಗಿ ಡಬ್ಬದಲ್ಲಿ ಆ ವಾರದ ನಾಲ್ಕು ದಿನದ ಅಕ್ಕಿ ಹಾಗೇ ಉಳಿಯಿತು. ನಾನು ಅದನ್ನು ಬೇಯಿಸಲೂ ಇಲ್ಲ, ಚೆಲ್ಲಲೂ ಇಲ್ಲ. ನನ್ನೊಬ್ಬನಿಗೆ ಅನ್ನ ಮಾಡಿಕೊಳ್ಳುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ: ಇವಳು ಆ ದೇವರ ಹತ್ತಿರ ಹೋದದ್ದು ಹೆದರಿಕೆಗೋ, ಪ್ರೀತಿಗೋ? ಕೇಳಿದವರಿಗೆ ಇದೇನೋ ಧರ್ಮದ ಜಿಜ್ಞಾಸೆ ಅನ್ನಿಸಬಹುದು. ಆದರೆ ಅವಳು ಇಪ್ಪತ್ತಾರು ವರ್ಷ ನನ್ನ ಜೊತೆ ಬಾಳಿದಳಲ್ಲ, ಅದು ಯಾವುದಕ್ಕೆ ಅನ್ನುವುದೂ ಇದರೊಳಗೇ ಸಿಕ್ಕಿಕೊಂಡಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಂಚನಹಳ್ಳಿ ಕಡೆ ನಮ್ಮದು ಹೊಲ, ಒಂದಿಷ್ಟು ತೆಂಗು. ಅದನ್ನು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನಾನು ಕಡೂರಿನಲ್ಲಿ ಒಬ್ಬರ ಹತ್ತಿರ ಆರು ವರ್ಷ ಕೂತು ಮೋಟಾರು ರಿವೈಂಡಿಂಗ್ ಕಲಿತೆ. ಆಮೇಲೆ ಅಜ್ಜಂಪುರದಲ್ಲಿ ಸ್ವಂತ ಅಂಗಡಿ ಹಾಕಿದೆ. ಬೋರ್‌ವೆಲ್ಲಿನಿಂದ ಮೋಟಾರು ಎತ್ತುವುದು, ಸುಟ್ಟದ್ದನ್ನು ಬಿಚ್ಚಿ ಹೊಸ ತಂತಿ ಸುತ್ತುವುದು, ಮತ್ತೆ ಇಳಿಸಿ ನೀರು ಬರಿಸುವುದು. ಈರುಳ್ಳಿ ಗೆಡ್ಡೆ ಕಟ್ಟುವ ಹೊತ್ತಿಗೆ ಮೋಟಾರು ನಿಂತರೆ ರೈತನ ಜೀವ ಬಾಯಿಗೆ ಬರುತ್ತದೆ. ಅಂಥ ಹೊತ್ತಲ್ಲಿ ಸುತ್ತಮುತ್ತ ಮೊದಲು ನೆನಪಾಗುತ್ತಿದ್ದದ್ದು ನಾನು. ಕಾಲೇಜು ಓದಿದವರು ಮೀಟರು ಹಿಡಿದು ತಲೆ ಕೆರೆದುಕೊಳ್ಳುವಾಗ ನಾನು ಮೋಟಾರಿನ ಮೈಮೇಲೆ ಕೈಯಿಟ್ಟು ಇಂಥದ್ದು ಹೋಗಿದೆ ಅಂದಿದ್ದೇನೆ, ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಇದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ದುಡಿದು ತಿಂದವನು ನಾನು.

ಮನೆಯಲ್ಲೂ ಹಾಗೇ ಇದ್ದೆ. ಗಂಡ ಅಂದರೆ ಭಯ ಭಕ್ತಿ ಇರಬೇಕು ಅಂತ ನಮ್ಮಪ್ಪ ಹೇಳುತ್ತಿದ್ದ, ನಾನೂ ನಂಬಿದ್ದೆ. ಬೈಕು ನಿಲ್ಲಿಸಿ ಎರಡು ಸಲ ಕೆಮ್ಮುತ್ತಿದ್ದೆ. ಹೊಸಿಲು ದಾಟುವ ಮುಂಚೆಯೇ "ಲೇ, ನೀರು!" ಅನ್ನುತ್ತಿದ್ದೆ. ಟವೆಲನ್ನು ಬಲಗಡೆಯಿಂದ ಎಡಗಡೆ ಹೆಗಲಿಗೆ ಎಸೆದುಕೊಂಡು ಊಟಕ್ಕೆ ಕೂರುತ್ತಿದ್ದೆ. ಸಾರಿಗೆ ಒಂದು ಬೆರಳು ಅದ್ದಿ ನಾಲಗೆಗೆ ಹಚ್ಚಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಯಾರೇ ಮಾಡಿದ್ದು ಈ ಸಾರು?" ಎಂದು ಕೇಳುತ್ತಿದ್ದೆ. ಮನೆಯಲ್ಲಿದ್ದವರು ನಾವಿಬ್ಬರೇ. ಅವಳು ತಲೆ ಬಗ್ಗಿಸಿ "ನಾನೇ" ಅನ್ನುತ್ತಿದ್ದಳು. ಆಮೇಲೆ ನಾನು ಮೂರು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಆ ಬಗ್ಗಿದ ತಲೆಯನ್ನು ನೋಡಿ, ಪರವಾಗಿಲ್ಲ, ಮನೆ ಒಂದು ಶಿಸ್ತಿನಲ್ಲಿದೆ ಅಂದುಕೊಳ್ಳುತ್ತಿದ್ದೆ. ಅವಳ ಮೇಲೆ ಕೈ ಎತ್ತಿಲ್ಲ. ಆದರೆ ಎತ್ತುವವನ ಹಾಗೆ ನಿಂತದ್ದುಂಟು. ಅದನ್ನೂ ಬರೆಯಬೇಕು.

ಅವಳು ಹುಟ್ಟಿನಿಂದ ನಮ್ಮವಳೇ, ಸಖರಾಯಪಟ್ಟಣದ ಕಡೆಯವಳು. ಮದುವೆಯಾದ ಮೇಲೆ ಎರಡು ಸಲ ಬಸುರಿಯಾಗಿ ಎರಡು ಸಲವೂ ನಿಲ್ಲಲಿಲ್ಲ. ನಮ್ಮವ್ವ ಚೌಡಮ್ಮನಿಗೆ ಹರಕೆ ಕಟ್ಟಿದಳು. ನಮ್ಮವ್ವನ ರೀತಿಯೇ ಒಂದು ಥರ. ಸೊಸೆಗೆ ಎರಡನೇ ಸಲ ಹೀಗಾದಾಗ ಗುಡಿಯ ಮುಂದೆ ನಿಂತು, "ಏನೇ, ಕಣ್ಣು ಕಾಣಲ್ವೇನೇ ನಿಂಗೆ? ಎಣ್ಣೆ ಸುರ್ದು ಸುರ್ದು ನನ್ ಕೈ ಸವೀತು" ಎಂದು ಅಮ್ಮನನ್ನೇ ಬೈದು ಬಂದಿದ್ದಳು. ಎರಡು ದಿನ ದೀಪ ಹಚ್ಚಲಿಲ್ಲ. ಮೂರನೇ ದಿನ ತಾನೇ ಹೋಗಿ ಒಂದು ಬತ್ತಿ ಜಾಸ್ತಿ ಇಟ್ಟು ಬಂದಳು. ನಾನು ಆಗ ಅದನ್ನು ಹೆದರಿಕೆ ಅಂದುಕೊಂಡಿದ್ದೆ. ಮುನಿಸಿಕೊಂಡವರು ರಾಜಿಯಾಗುವ ರೀತಿ ಅದು ಅಂತ ಈಗ ಅನ್ನಿಸುತ್ತದೆ.

ಎರಡನೇ ಸಲ ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳನ್ನು ನೋಡಲು ತರೀಕೆರೆಯ ಒಬ್ಬ ಹೆಂಗಸು ಬರುತ್ತಿದ್ದಳಂತೆ. ಆ ಹೆಂಗಸು ಇವಳ ಕೈಯನ್ನೂ ಹಿಡಿದು ಪ್ರಾರ್ಥನೆ ಮಾಡಿದಳಂತೆ. ಅಲ್ಲಿಂದ ಶುರುವಾಯಿತು ಭಾನುವಾರದ ಬಸ್ಸು. ನಾನು ತಡೆಯಲಿಲ್ಲ. ಮಗು ಆಗಲಿ ಅಂತ ಹೋಗುತ್ತಾಳೆ, ನಮ್ಮವ್ವ ಒಂದು ಕಡೆ ಹರಕೆ ಕಟ್ಟಿದರೆ ಇವಳು ಇನ್ನೊಂದು ಕಡೆ ಕಟ್ಟುತ್ತಾಳೆ, ಯಾವುದಾದರೂ ಒಂದು ಫಲಿಸಲಿ ಎಂದು ಸುಮ್ಮನಿದ್ದೆ.

ಮಗು ಆಗಲಿಲ್ಲ. ಐದು ವರ್ಷ, ಹತ್ತು ವರ್ಷ ಕಳೆಯಿತು. ಡಾಕ್ಟರೂ ಕೈಬಿಟ್ಟರು. ಅವಳು ಹೋಗುವುದನ್ನು ಬಿಡಲಿಲ್ಲ. ಕೇಳಿದ್ದನ್ನು ಕೊಡದ ದೇವರ ಹತ್ತಿರ ಯಾಕೆ ಹೋಗುತ್ತಾಳೆ ಅನ್ನುವುದು ನನಗೆ ಬಗೆಹರಿಯಲಿಲ್ಲ. ಒಂದು ಭಾನುವಾರ ಆ ಕಡೆ ಮೋಟಾರು ಇಳಿಸುವ ಕೆಲಸವಿತ್ತು. ಮುಗಿಸಿ ಅವಳನ್ನು ಕರೆದುಕೊಂಡು ಬರಲು ಹೋಗಿ, ಪ್ರಾರ್ಥನೆ ಮನೆಯ ಹೊರಗೆ ಬೈಕಿನ ಮೇಲೆ ಕೂತಿದ್ದೆ. ಒಳಗಿಂದ ಪಾಸ್ಟರ ದನಿ ಮೈಕಿನಲ್ಲಿ ಕೇಳುತ್ತಿತ್ತು. ಪಾಪ, ನರಕ, ಬೆಂಕಿ. ದೀಕ್ಷಾಸ್ನಾನ ಇಲ್ಲದವರಿಗೆ ಅಲ್ಲಿ ಬಾಗಿಲಿಲ್ಲ ಅಂತ. ನನಗೆ ಉತ್ತರ ಸಿಕ್ಕಿತು ಅಂದುಕೊಂಡೆ. ದಾರಿಯಲ್ಲಿ ಶುರು ಮಾಡಿದೆ.

"ಕೇಳಿಸ್ಕೊಂಡೆ ಕಣೇ ನಿಮ್ ಪಾಸ್ಟ್ರು ಹೇಳಿದ್ದು. ಬೆಂಕಿಗ್ ಹಾಕ್ತಾನಂತಲ್ಲ ನಿಮ್ ದೇವ್ರು?"

"ಹೂಂ, ಇವತ್ತು ಸ್ವಲ್ಪ ಜೋರಾಗೇ ಇತ್ತು. ಮೈಕು ಹೊಸ್ದು."

"ಹೆದ್ರಿಸಿಕೊಳ್ಳೋಕೆ ಬಸ್ ಚಾರ್ಜು ಕೊಟ್ಟು ಅಷ್ಟ್ ದೂರ ಹೋಗ್ಬೇಕಾ? ನಮ್ ಮಾರಮ್ಮ ಏನ್ ಕಮ್ಮಿನಾ?"

"ನಾ ಅದ್ಕಲ್ಲ ಹೋಗೋದು."

"ಮತ್ಯಾಕೆ?"

"ಮುಂದೆ ಗುಂಡಿ ಐತೆ, ನೋಡ್ಕೊಂಡು ಓಡ್ಸಿ."

ಅಷ್ಟೇ ಹೇಳಿದ್ದು. ಆ ಪ್ರಶ್ನೆಗೆ ಉತ್ತರ ಅವಳ ಬಾಯಿಂದ ಕೊನೆಗೂ ಬರಲಿಲ್ಲ.

ಇನ್ನೊಂದು ದಿನದ್ದು ಹೇಳಬೇಕು. ಕರೆಂಟು ಹೋಗಿ ಕೆಲಸ ನಿಂತು, ಮಧ್ಯಾಹ್ನವೇ ನಡೆದುಕೊಂಡು ಮನೆಗೆ ಬಂದೆ. ಬೈಕು ಅಂಗಡಿಯಲ್ಲೇ ಇತ್ತು, ಹಾಗಾಗಿ ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕಾಲು ತೊಳೆಯಲು ನಿಂತಾಗ ಒಳಗೆ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಅಂದುಕೊಂಡು ಇಣುಕಿದೆ. ಯಾರೂ ಇಲ್ಲ. ಗೋಡೆಗೆ ಒರಗಿ, ಮೊರದಲ್ಲಿ ಅವರೆಕಾಳು ಹಾಕಿಕೊಂಡು, ಹುಳುಕು ಆರಿಸುತ್ತಾ ಮಾತಾಡುತ್ತಿದ್ದಳು.

"ಯೇಸಪ್ಪಾ, ಆಚೆಮನೆ ಕೋಳಿ ಇವತ್ತು ನಮ್ ಸೌದೆ ಸಂದೀಲಿ ಮೊಟ್ಟೆ ಇಟ್ಟಿತ್ತು. ತಗೊಂಡೋಗಿ ಕೊಟ್ಟೆ. ಆಯಮ್ಮ ಎರಡಿರ್ಬೇಕಿತ್ತು ಅಂತಾಳೆ. ನೀನೇ ನೋಡಿದೀಯಲ್ಲ, ಒಂದೇ ಇದ್ದಿದ್ದು. ಇವ್ರು ಬುತ್ತಿ ಬಿಟ್ಟು ಹೋಗವ್ರೆ. ಬಿಸ್ಲಲ್ಲಿ ಎಲ್ಲಿ ಹಸ್ಕೊಂಡವ್ರೋ ಏನೋ. ಬೆಳಿಗ್ಗೆ ಸಿಟ್ಟಲ್ಲಿ ಹೋದ್ರು, ಯಾಕೆ ಅಂತ ಅವ್ರಿಗೂ ಗೊತ್ತಿರಲ್ಲ. ಮಂಡಿ ನೋವು ಹಂಗೇ ಐತೆ, ಇರ್ಲಿ ಬಿಡು..."

ಏನನ್ನೂ ಬೇಡುತ್ತಿರಲಿಲ್ಲ. ಹೇಳುತ್ತಿದ್ದಳು, ಅಷ್ಟೇ. ತವರಿನಿಂದ ಬಂದ ಅಕ್ಕನಿಗೋ ತಂಗಿಗೋ ಹೇಳುವ ಹಾಗೆ. ನಾನು ಅಲ್ಲೇ ನಿಂತುಬಿಟ್ಟೆ. ಅವಳ ದನಿ ಅಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು ಹದಿನೈದು ವರ್ಷ ಜೊತೆಗಿದ್ದರೂ ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ, ಮುಂಬಾಗಿಲಿಂದ ಎರಡು ಸಲ ಕೆಮ್ಮಿ ಬಂದೆ. ಮಾತು ನಿಂತಿತು. ನೀರಿನ ಚೊಂಬು ಬಂತು. ಊಟಕ್ಕೆ ಕೂತಾಗ, ಎಂದೂ ಕೇಳದವನು ಕೇಳಿದೆ.

"ಏನಾದ್ರೂ ವಿಶೇಷ ಇತ್ತಾ ಇವತ್ತು?"

"ಏನಿಲ್ಲ."

"ಆಚೆಮನೆಯೋರು ಏನಾದ್ರೂ ಅಂದ್ರಾ?"

"ಇಲ್ವಲ್ಲ. ಯಾಕೆ?"

ಕೋಳಿ ಮೊಟ್ಟೆಯ ಸುದ್ದಿ ಅವನಿಗೆ ಹೋಯಿತು, ನನಗೆ ಬರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಎದುರಿಗೆ ಸಿಗುವವನಾಗಿದ್ದರೆ ಜಗಳವಾಡಬಹುದಿತ್ತು. ಕಾಣದವನ ಜೊತೆ ಏನು ಮಾಡುವುದು?

ಆ ಹೊಟ್ಟೆಕಿಚ್ಚು ಡಬ್ಬದ ಮೇಲೆ ತಿರುಗಿತು. ಒಂದು ಬೆಳಿಗ್ಗೆ ಅವಳು ಹಿಡಿ ತೆಗೆದು ಹಾಕುವುದನ್ನು ನೋಡಿ, "ಕಂದಾಯ ಕಟ್ತಿದೀಯಾ ಅವ್ನಿಗೆ?" ಎಂದೆ. ಎದ್ದು ಹೋಗಿ ಡಬ್ಬ ಎತ್ತಿ, ವಾರದ ಅಕ್ಕಿಯನ್ನೆಲ್ಲ ಮೂಟೆಗೆ ವಾಪಸು ಸುರಿದುಬಿಟ್ಟೆ. ನಮ್ಮ ಕಡೆ ದೇವರಿಗೆ ಮುಡಿಪು ಕಟ್ಟಿಟ್ಟಿದ್ದನ್ನು ಮುಟ್ಟುವುದು ಎಂಥ ಅಪಚಾರ ಅಂತ ಗೊತ್ತಿದ್ದವನೇ ನಾನು. ಆ ಡಬ್ಬವನ್ನೂ ಮುಡಿಪೆಂದೇ ತಿಳಿದು, ಬೇಕೆಂದೇ ಸುರಿದೆ. ಅವಳು ತಲೆ ಬಗ್ಗಿಸಿ ನಿಂತಿದ್ದಳು.

ಮರುದಿನ ಎಮ್ಮೆದೊಡ್ಡಿ ಕಾವಲಿನ ಅಂಚಿನ ಒಂದು ಹೊಲದಲ್ಲಿ ಮೋಟಾರು ಎತ್ತುತ್ತಿದ್ದೆವು. ಬೋರಿನಲ್ಲಿ ಪೈಪುಗಳು ಒಂದಕ್ಕೊಂದು ಜೋಡಿಸಿಕೊಂಡು ತಳದವರೆಗೆ ಹೋಗಿರುತ್ತವೆ. ಒಂದೊಂದೇ ಪೈಪು ಮೇಲೆಳೆದು, ಕೆಳಗಿನದಕ್ಕೆ ಕ್ಲ್ಯಾಂಪು ಹಾಕಿ ತಡೆದು, ಮೇಲಿನದನ್ನು ಬಿಚ್ಚಬೇಕು. ನಾನೇ ಬಿಗಿದ ಕ್ಲ್ಯಾಂಪು, ಅದರ ಬೋಲ್ಟು ಜಾರಿತು. ಮೋಟಾರು ಸಮೇತ ಅಷ್ಟೂ ಭಾರ ಸರ್ರನೆ ಕೆಳಗಿಳಿದು, ಪೈಪಿನ ಜಾಯಿಂಟು ಸಿಕ್ಕಿಕೊಂಡು ಢಣ್ಣೆಂದು ನಿಂತಿತು. ಒಂದು ಗಳಿಗೆ ಮುಂಚೆ ನನ್ನ ಬಲಗೈ ಅಲ್ಲೇ ಇತ್ತು. ಜೊತೆಗಿದ್ದವರು "ಅಣ್ಣಾ, ಬಚಾವಾದೆ" ಅಂದರು. ನನಗೆ ಮಾತ್ರ ಕಣ್ಣಮುಂದೆ ಆ ಡಬ್ಬ. ಇದು ಅವನದೇ ಕೆಲಸ ಅಂತ ಹೆದರಿದೆ.

ಮನೆಗೆ ಬಂದವನು ನೀರು ಕೇಳಲಿಲ್ಲ.

"ನಾಳೆಯಿಂದ ಆ ಹಿಡಿ ಹಾಕೇ."

"ಯಾಕೆ?"

"ಹಾಕು ಅಂದ್ರೆ ಹಾಕು. ಅದ್ಕೆಲ್ಲ ಯಾಕೆ ಅಂತ ಕೇಳ್ತಾರಾ?"

ಅವಳು ನನ್ನ ಮುಖವನ್ನೇ ನೋಡಿದಳು. "ಏನಾಯ್ತು?" ಅಂದಳು. ಹೇಳಿದೆ. ಬಲಗೈ ಹಿಡಿದು, ಅಂಗೈ ತಿರುಗಿಸಿ, ಒಂದೊಂದೇ ಬೆರಳು ಮುಟ್ಟಿ ನೋಡಿದಳು. ತನ್ನಷ್ಟಕ್ಕೆ ಎಣಿಸುವ ಹಾಗೆ. ಆಮೇಲೆ ಕೈ ಬಿಟ್ಟು, "ಹೆದ್ರಿಕೊಂಡು ಹಾಕೋ ಹಿಡಿ ಬ್ಯಾಡ ಬಿಡಿ. ಅವ್ನು ಹಂಗಲ್ಲ ಕಣ್ರೀ" ಎಂದು ಒಲೆಯ ಕಡೆ ತಿರುಗಿದಳು.

ಹಾಕಲಿಲ್ಲ. ಮೂರು ತಿಂಗಳು ಆ ಡಬ್ಬ ಬೋರಲು ಬಿದ್ದಿತ್ತು. ನಾನು ಎರಡು ಸಲ ಜೋರು ಮಾಡಿ ನೋಡಿದೆ, ಒಂದು ಸಲ ಮೆತ್ತಗೂ ಹೇಳಿದೆ. "ಆಗ್ಲಿ, ನೋಡನ" ಅನ್ನುತ್ತಿದ್ದಳು. ನಾನು ಆ ಹೆದರಿಕೆಯನ್ನು ಮರೆತ ಮೇಲೆ ಯಾವುದೋ ಒಂದು ಬೆಳಿಗ್ಗೆ, ತಗಡಿನ ತಳಕ್ಕೆ ಅಕ್ಕಿ ಬಿದ್ದ ಸದ್ದು ಮತ್ತೆ ಕೇಳಿಸಿತು.

ಅವಳಿಗೆ ದೇವರ ಹೆದರಿಕೆ ಇಲ್ಲ ಅನ್ನುವುದು ನನಗೆ ಅಂದೇ ತಿಳಿಯಬೇಕಿತ್ತು. ಆದರೆ ನನ್ನ ಬುದ್ಧಿ ಬೇರೆ ದಾರಿ ಹಿಡಿಯಿತು. ನಾನು ಸುರಿದುಬಿಟ್ಟೆನಲ್ಲ, ಅದಕ್ಕೇ ಇವಳು ಹಾಕುತ್ತಿಲ್ಲ. ಆ ದೇವರಿಗಿಂತ ನನ್ನ ಭಯವೇ ಇವಳಿಗೆ ಹೆಚ್ಚು ಅಂದುಕೊಂಡೆ. ಸುಳ್ಳು ಯಾಕೆ, ಆಗ ಅದರಿಂದ ಒಳಗೊಳಗೇ ಒಂದು ಖುಷಿಯೂ ಆಗಿತ್ತು.

ಒಂದೇ ಒಂದು ಸಲ ಅವಳು ನನ್ನನ್ನು ಕೇಳಿಕೊಂಡದ್ದುಂಟು. ಪ್ರಾರ್ಥನೆ ಮನೆಯವರು ನಂಬಿದವರನ್ನು ಕೆರೆಗೆ ಇಳಿಸಿ, ನೀರಲ್ಲಿ ಮುಳುಗಿಸಿ ಎತ್ತುತ್ತಾರೆ. ಅದೇ ದೀಕ್ಷಾಸ್ನಾನ.

"ಈ ಸಲ ನಾನೂ ನೀರಿಗ್ ಇಳೀಲಾ?"

"ಬ್ಯಾಡ. ನಮ್ಮಣ್ಣಂದಿರಿಗೆ ಏನ್ ಹೇಳ್ಲಿ ನಾನು? ಹೋಗ್ತೀಯ ಬರ್ತೀಯ, ಅಷ್ಟ್ ಸಾಕು."

"ಸರಿ."

ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ.

ಗುರುವಾರ ಬಂದ ಜ್ವರ, ಕಡೂರಿನಲ್ಲಿ ತೋರಿಸಿದೆವು, ಇಳಿಯಲಿಲ್ಲ. ಅಲ್ಲಿಂದ ಶಿವಮೊಗ್ಗದ ಆಸ್ಪತ್ರೆಗೆ ಹೋದೆವು. ಸೋಮವಾರ ಹೋಗಿಬಿಟ್ಟಳು. ನಮ್ಮ ತೆಂಗಿನ ತೋಟದಲ್ಲೇ ಮಣ್ಣು ಮಾಡಿದೆವು, ನಮ್ಮ ಪದ್ಧತಿಯಂತೆ. ತರೀಕೆರೆಯಿಂದ ಒಂದು ಟೆಂಪೊ ಮಾಡಿಕೊಂಡು ಪ್ರಾರ್ಥನೆ ಮನೆಯವರು ಬಂದಿದ್ದರು. ಹೆಂಗಸರು ತಲೆಗೆ ಸೆರಗು ಹೊದ್ದು ಬೇಲಿಯಾಚೆ ನಿಂತಿದ್ದರು. ಅಣ್ಣಂದಿರ ಮುಖ ನೋಡಿದೆ, ಒಳಗೆ ಬನ್ನಿ ಅನ್ನಲಿಲ್ಲ. ಎಲ್ಲ ಮುಗಿಯುವವರೆಗೂ ಅಲ್ಲೇ ನಿಂತಿದ್ದು, ಹಾಗೇ ಹೊರಟುಹೋದರು.

ಆಮೇಲಿನ ಎರಡು ವರ್ಷ ಹೇಗೆ ಕಳೆಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಬೈಕು ನಿಲ್ಲಿಸಿ ಎರಡು ಸಲ ಕೆಮ್ಮುತ್ತೇನೆ, ಅಭ್ಯಾಸ. ಒಳಗೆ ಚೊಂಬಿನ ಸದ್ದು ಇರುವುದಿಲ್ಲ. ನಾನೇ ಮಾಡಿದ ಸಾರಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚುತ್ತೇನೆ. ಯಾರು ಮಾಡಿದ್ದು ಅಂತ ಯಾರನ್ನು ಕೇಳಲಿ?

ಈ ನಡುವೆ, ಅವಳು ಬದುಕಿದ್ದಾಗ ನಾನು ನಕ್ಕು ಬಿಟ್ಟಿದ್ದ ಮಾತೊಂದು ನನ್ನೊಳಗೆ ಕೂತುಬಿಟ್ಟಿತು. ದೀಕ್ಷಾಸ್ನಾನ ಇಲ್ಲದವರಿಗೆ ಬಾಗಿಲಿಲ್ಲ ಅಂತ ಮೈಕಿನಲ್ಲಿ ಕೇಳಿದ್ದೆನಲ್ಲ, ಅದು. ಬೇಡ ಅಂದವನು ನಾನು. ಅವಳು ಅಷ್ಟು ವರ್ಷ ಮಾತಾಡಿದವನ ಮನೆ ಬಾಗಿಲಲ್ಲಿ ಅವಳನ್ನು ನಿಲ್ಲಿಸಿದ್ದಾರೋ ಏನೋ, ನಾನು ಬೇಲಿಯಾಚೆ ಅವರನ್ನು ನಿಲ್ಲಿಸಿದ ಹಾಗೆ. ಹೆದರಿಸುವ ದೇವರು ಅಂತ ಹಾಸ್ಯ ಮಾಡಿದವನಿಗೆ ಈಗ ಆ ಹೆದರಿಕೆಯೇ ಬಂದು ಮೆಟ್ಟಿಕೊಂಡಿತು. ಮೊನ್ನೆ ಒಂದು ಭಾನುವಾರ ತಡೆಯಲಾಗದೆ, ಡಬ್ಬವನ್ನು ಬೈಕಿಗೆ ಕಟ್ಟಿಕೊಂಡು ತರೀಕೆರೆಗೆ ಹೋದೆ.

ಪ್ರಾರ್ಥನೆ ಮನೆಯ ಹಿಂಭಾಗದಲ್ಲಿ ಒಲೆ ಹೂಡಿದ್ದರು. ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಕೈ ಹಿಡಿದಿದ್ದ ಅದೇ ಹೆಂಗಸು, ಈಗ ಮುದುಕಿ, ಅಕ್ಕಿ ತೊಳೆಯುತ್ತಿದ್ದಳು. ಹೆಂಡತಿ ಒಂದು ಸಲ ದೂರದಿಂದ ತೋರಿಸಿದ್ದಳು, ಬೇಲಿಯಾಚೆ ನಿಂತವರಲ್ಲೂ ಅವಳನ್ನು ನೋಡಿದ್ದೆ. ಡಬ್ಬವನ್ನು ಮುಂದಿಟ್ಟೆ. "ನಮ್ಮನೆಯವಳು ಹಾಕಿದ್ದು. ಹಂಗೇ ಉಳ್ದಿತ್ತು" ಅಂದೆ.

"ಓ, ಇದೇನಾ ಆ ಡಬ್ಬ!" ಎಂದಳು ಮುದುಕಿ. ಮುಚ್ಚಳ ತೆಗೆದು ಮೂಸಿದಳು. "ನುಸಿ ಹಿಡ್ದೈತೆ. ಇರ್ಲಿ, ಕೇರಿದ್ರೆ ಹೋಯ್ತದೆ." ಮೊರಕ್ಕೆ ಸುರಿದು, ಕೇರಿ, ತೊಳೆದು, ಉಳಿದ ಅಕ್ಕಿಯ ಜೊತೆ ಹಂಡೆಗೆ ಹಾಕಿಬಿಟ್ಟಳು. ಎರಡು ವರ್ಷ ನಾನು ಮುಟ್ಟಲಾರದೆ ಇಟ್ಟುಕೊಂಡಿದ್ದು, ಅವಳ ಕೈಯಲ್ಲಿ ಐದು ನಿಮಿಷಕ್ಕೆ ಎಸರು ಸೇರಿತು.

ಊಟಕ್ಕೆ ಕೂತಾಗ ಹೆಂಗಸರು ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಗುವವರನ್ನು ಸುಮ್ಮನೆ ಬಿಟ್ಟವನಲ್ಲ ನಾನು. ಆದರೆ ಎಲೆಯ ಮೇಲೆ ಅವಳ ಅಕ್ಕಿ ಇತ್ತು. ತಲೆ ತಗ್ಗಿಸಿ ಉಂಡೆ. ಕೈ ತೊಳೆದು ಬಂದು ಪಾಸ್ಟರನ್ನು ಹಿಡಿದೆ. ವಾರವೆಲ್ಲ ಗಾರೆ ಕೆಲಸ ಮಾಡುವ ಮನುಷ್ಯ, ನನಗಿಂತ ಚಿಕ್ಕವರು, ಉಗುರಲ್ಲಿ ಸಿಮೆಂಟು ಹಾಗೇ ಇತ್ತು.

"ನೇರವಾಗಿ ಕೇಳ್ತೀನಿ, ನೇರವಾಗಿ ಹೇಳ್ಬೇಕು. ನೀರಿಗಿಳಿಯದೆ ಸತ್ತೋಳು ನನ್ನ ಹೆಂಡ್ತಿ. ಬ್ಯಾಡ ಅಂದೋನು ನಾನು. ನಿಮ್ ಮೈಕ್‌ನಲ್ಲಿ ಹೇಳ್ತೀರಲ್ಲ, ಆ ಬೆಂಕಿ ಅವ್ಳಿಗಾ?"

ಅವರು ನೆಲ ನೋಡಿದರು. "ಅಣ್ಣಾ, ಬರ್ದಿರೋದನ್ನ ಹೇಳ್ಬೇಕಾದೋನು ನಾನು. ಆದ್ರೆ ಅಕ್ಕನ ವಿಷಯದಲ್ಲಿ ಆ ಮಾತು ನನ್ ಬಾಯಿಂದ ಬರಲ್ಲ."

ಹಂಡೆ ಉಜ್ಜುತ್ತಿದ್ದ ಮುದುಕಿ ಅಲ್ಲಿಂದಲೇ ಬಾಯಿ ಹಾಕಿದಳು. "ನೋಡಿ ಪಾಸ್ಟ್ರೇ, ಮೈಕು ಸಿಕ್ರೆ ನೀವು ಬೆಂಕಿ ಹಚ್ತೀರ, ಆರ್ಸೋಕೆ ನಾವ್ ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಅವ್ಳು ಸ್ವರ್ಗದಲ್ಲಿ ಇಲ್ಲ ಅಂದ್ರೆ ನಾವ್ಯಾರೂ ಅಲ್ಲಿರಲ್ಲ ಕಣಪ್ಪಾ. ನೀನು ಅಕ್ಕಿ ಸುರಿದ್ಯಲ್ಲ ಮೂಟೆಗೆ, ಆ ಭಾನ್ವಾರ ಬರೀ ಕೈಯಲ್ಲಿ ಬಂದು ಮುಂದುಗಡೆನೇ ಕೂತ್ಲು. ಏನೇ, ನಿನ್ನ ಅಕ್ಕಿ ಎಲ್ಲೇ ಅಂದ್ರೆ, 'ನಮ್ ಯಜಮಾನ್ರು ಅವ್ನ ಮೇಲೆ ಮುನಿಸ್ಕೊಂಡವ್ರೆ, ರಾಜಿಯಾಗೋವರ್ಗೂ ನಿಮ್ ಅಕ್ಕೀಲೇ ಉಣ್ತೀನಿ' ಅಂತ ನಕ್ಳು. ಮೂರು ತಿಂಗ್ಳು ಹಂಗೇ ಉಂಡ್ಳು. ಹೆದ್ರೋಳಾದ್ರೆ ಬರೀ ಕೈಯಲ್ಲಿ ಬರ್ತಿದ್ಲಾ?"

"ನಕ್ಕಳಾ?" ಎಂದೆ. ನಾನು ಕೇಳಬೇಕೆಂದುಕೊಂಡದ್ದು ಅದಲ್ಲ. ಆದರೆ ಬಾಯಿಗೆ ಬಂದದ್ದು ಅದೇ.

"ನಗೋದಾ! ನಾನು ಇಲ್ಲಿಗ್ ಬಂದಿದ್ದು ಹೆದ್ರಿಕೊಂಡೇ ಕಣಪ್ಪಾ, ಮಗನ ಜ್ವರಕ್ಕೆ. ಬಂದಿದ್ದು ಭಯಕ್ಕೆ, ಉಳ್ಕೊಂಡಿದ್ದು ಅದ್ಕಲ್ಲ. ಅವ್ಳೂ ಹಂಗೇ."

"ನಂಗೆ?" ಅಂದೆ. "ನಂಗೆ ಹೆದರ್ತಿದ್ಲಾ?"

ಮುದುಕಿ ಹಂಡೆ ಬಿಟ್ಟು ಕೈ ಒರೆಸಿಕೊಂಡಳು. "ಮೊದಮೊದ್ಲು ಹೆದರ್ತಿದ್ಲು. ಸುಳ್ಳು ಹೇಳಲ್ಲ. ಬರ್ತಾ ಬರ್ತಾ ನೀನೇ ಅವ್ಳ ನಾಟ್ಕ ಆಗ್ಬಿಟ್ಟೆ. ಯಾರೇ ಮಾಡಿದ್ದು ಈ ಸಾರು ಅಂತೀಯಂತಲ್ಲ? ತಲೆ ಬಗ್ಗಿಸ್ಕೊಂಡು ನಗು ತಡ್ಕೊಳ್ಳೋದೇ ಕಷ್ಟ ಕಣವ್ವಾ ಅಂತಿದ್ಲು. ನೀನು ನಡ್ಯೋದು, ಕೆಮ್ಮೋದು, ಎಲ್ಲಾ ಮಾಡಿ ತೋರಿಸ್ತಿದ್ಲು. ಅದ್ಕೇ ಈ ಹೆಣ್ಮಕ್ಳು ನಿನ್ನ ನೋಡಿ ನಗ್ತಿರೋದು. ಬೇಜಾರ್ ಮಾಡ್ಕೋಬ್ಯಾಡ. ನಿನ್ನ ಮಾತಾಡ್ಸಿರ್ಲಿಲ್ಲ ಅನ್ನೋದ್ ಬಿಟ್ರೆ ನೀನು ನಮ್ಗೆಲ್ಲಾ ಗೊತ್ತಿರೋನೇ."

ನನಗೆ ಸಿಟ್ಟು ಬರಬೇಕಿತ್ತು. ಊರೂರಲ್ಲಿ ಮರ್ಯಾದೆ ಗಳಿಸಿದವನು, ಇಲ್ಲಿ ಇಷ್ಟು ವರ್ಷ ಹೆಂಗಸರ ನಗೆಗೆ ಸರಕಾಗಿದ್ದೆ. ಆದರೆ ನನಗೆ ಕಾಣುತ್ತಿದ್ದದ್ದು ಆ ಬಗ್ಗಿದ ತಲೆ. ಇಪ್ಪತ್ತಾರು ವರ್ಷ ನಾನು ಮೇಲಿನಿಂದ ಬೈತಲೆಯನ್ನಷ್ಟೇ ನೋಡಿದ್ದೆ. ಕೆಳಗೆ ತುಟಿ ಕಚ್ಚಿಕೊಂಡಿದ್ದಳು. ಒಂದೇ ಒಂದು ಸಲ ಬಗ್ಗಿ ನೋಡಿದ್ದರೆ ಇಬ್ಬರೂ ನಗಬಹುದಿತ್ತು.

"ಹೆಂಗ್ ಮಾಡ್ತಿದ್ಲು?" ಎಂದೆ.

"ಏನು?"

"ನನ್ ಥರ. ಹೆಂಗ್ ಮಾಡ್ತಿದ್ಲು, ಸ್ವಲ್ಪ ತೋರ್ಸವ್ವಾ."

"ಅಯ್ಯೋ ಹೋಗಪ್ಪಾ, ನಿನ್ನೆದುರ್ಗಾ!" ಮುದುಕಿ ನಾಚಿಕೊಂಡಳು. ಹೆಂಗಸರು "ಮಾಡಜ್ಜಿ, ಮಾಡಜ್ಜಿ" ಅಂದರು. ಪಾಸ್ಟರು ಕೂಡ ಕಲ್ಲುಬೆಂಚಿನ ಮೇಲೆ ಕೂತರು. ಕೊನೆಗೆ ಮುದುಕಿ ಎದ್ದು, ಸೆರಗನ್ನು ಟವೆಲ್ಲಿನ ಹಾಗೆ ಬಲಗಡೆಯಿಂದ ಎಡ ಹೆಗಲಿಗೆ ಎಸೆದುಕೊಂಡಳು. ಎರಡು ಸಲ ಕೆಮ್ಮಿದಳು. "ಲೇ, ನೀರು!" ಎಲ್ಲರೂ ನಕ್ಕರು. ಎದೆಯುಬ್ಬಿಸಿ ನಾಲ್ಕು ಹೆಜ್ಜೆ ನಡೆದು, ಕಾಲು ಮಡಚಿ ಕೂತು, ಇಲ್ಲದ ಸಾರಿಗೆ ಬೆರಳು ಅದ್ದಿ, ನಾಲಗೆಗೆ ಹಚ್ಚಿ, ಗೋಡೆ ನೋಡಿ, ದಪ್ಪ ದನಿಯಲ್ಲಿ, "ಯಾರೇ ಮಾಡಿದ್ದು ಈ ಸಾರು?" ಎಂದಳು. ಅದು ನಾನೇ. ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ಇಷ್ಟು ಹತ್ತಿರದಿಂದ, ಇಷ್ಟು ಕಣ್ಣಿಟ್ಟು ನನ್ನನ್ನು ನೋಡಿದವರು ಯಾರು? ಬೆರಳು ಅದ್ದಿದ ಮೇಲೆ ಎಷ್ಟು ಹೊತ್ತು ಗೋಡೆ ನೋಡುತ್ತೇನೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಆಮೇಲೆ ಮುದುಕಿ ಪಕ್ಕಕ್ಕೆ ಸರಿದು ಕೂತಳು. ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದಳು. ನಾನು ಕೂತಿದ್ದ ಕಡೆಯಿಂದ ಮುಖ ಕಾಣುತ್ತಿತ್ತು. ಕೆಳತುಟಿ ಹಲ್ಲಿನ ನಡುವೆ, ಭುಜ ಸಣ್ಣಗೆ ಅದುರುತ್ತಿತ್ತು.

"ನಾನೇ."

ಹೆಂಗಸರ ನಗು ನಿಧಾನಕ್ಕೆ ನಿಂತಿತು. ನಾನು ಮುಖ ಒರೆಸಿಕೊಂಡೆ.

"ಇನ್ನೊಂದ್ಸಲ ಮಾಡವ್ವಾ" ಎಂದೆ. "ನಂದು ಬ್ಯಾಡ. ಅವ್ಳದು."